ಕಾರಿಗಿಂತ ಮೊದಲು ಟೇಪು: ಇಕ್ಕಟ್ಟಿನ ಜಾಗದಲ್ಲಿ ಕಾರು ನಿಲ್ಲಿಸುವ ಬಗೆ

ಹೊಸ ಕಾರು ಮನೆಗೆ ಬಂದ ದಿನ ನಾನು ಅದರಿಂದ ಇಳಿದದ್ದು ಡಿಕ್ಕಿಯ ಮೂಲಕ. ಕಾರು ನೂಲು ಹಿಡಿದ ಹಾಗೆ ನೇರವಾಗಿ ಗೇಟಿನೊಳಗೆ ಹೋಗಿ ನಿಂತಿತ್ತು, ಅದರಲ್ಲೇನೂ ತಪ್ಪಿರಲಿಲ್ಲ. ಎಡಕ್ಕೆ ಕಾಂಪೌಂಡ್ ಗೋಡೆ, ಬಲಕ್ಕೆ ಮೆಟ್ಟಿಲ ಕಟ್ಟೆ. ಎರಡೂ ಕಡೆ ಬಾಗಿಲು ಒಂದು ಗೇಣು ತೆರೆದು ತಾಗಿ ನಿಂತಿತು. ಕೊನೆಗೆ ಹೊರಗಿದ್ದವರು ಹಿಂಬಾಗಿಲು ಎತ್ತಿಕೊಟ್ಟರು, ನಾನು ಸೀಟುಗಳ ಮೇಲೆ ತೆವಳಿಕೊಂಡು ಹೊರಬಂದೆ. ಕಾರಿನ ಅಗಲ ನನಗೆ ಬಾಯಿಪಾಠವಾಗಿತ್ತು. ಜಾಗದ ಅಗಲವನ್ನೂ ಅಳೆದಿದ್ದೆ. ಅಳೆಯದೆ ಬಿಟ್ಟದ್ದು ನನ್ನನ್ನು.

ಜಾಗ ಸಾಲದು ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇಂಥ ಅಳತೆಯ ತಪ್ಪು, ಇಲ್ಲವೇ ಅಕ್ಕಪಕ್ಕದವರೊಡನೆ ಆಡದೆ ಉಳಿಸಿಕೊಂಡ ಮಾತು. ನಿಜವಾಗಿಯೂ ಜಾಗವೇ ಇಲ್ಲದ ಸಂದರ್ಭಗಳೂ ಇವೆ. ಅವುಗಳಿಗೆ ಕೊನೆಯಲ್ಲಿ ಬರೋಣ. ಮೊದಲು ಐದು ಮೀಟರಿನ ಒಂದು ಟೇಪು, ಒಂದು ತುಂಡು ಸೀಮೆಸುಣ್ಣ ತೆಗೆದುಕೊಂಡು ಅಂಗಳಕ್ಕೆ ಇಳಿಯಿರಿ.

ಮೊದಲ ಹೆಜ್ಜೆ: ಲಾಯ ಅಳೆದು ಕುದುರೆ ಕೊಳ್ಳಿ

ಜಪಾನಿನಲ್ಲಿ 1962ರ ಕಾನೂನೊಂದಿದೆ. ಅದರಂತೆ ನಗರವಾಸಿ ತನ್ನ ಕಾರನ್ನು ನೋಂದಾಯಿಸಬೇಕಾದರೆ, ಅದನ್ನು ನಿಲ್ಲಿಸಲು ರಸ್ತೆಯ ಹೊರಗೆ ಜಾಗವಿದೆಯೆಂದು ತೋರಿಸಿ ಪೊಲೀಸರಿಂದ ಪ್ರಮಾಣಪತ್ರ ಪಡೆಯಬೇಕು. ಜಾಗ ಮನೆಯಿಂದ 2 ಕಿಲೋಮೀಟರಿನ ಒಳಗಿರಬೇಕು, ಅದರ ನಕ್ಷೆಯನ್ನು ಅಳತೆ ಸಹಿತ ಬರೆದುಕೊಡಬೇಕು. ಅಲ್ಲಿನ ‘ಕೇ’ ಎಂಬ ಪುಟ್ಟ ಕಾರುಗಳ ವರ್ಗಕ್ಕೆ ಉದ್ದ 3.4 ಮೀಟರ್, ಅಗಲ 1.48 ಮೀಟರ್ ದಾಟಬಾರದೆಂಬ ಮಿತಿಯೂ ಇದೆ. ಕಾನೂನು ಕೇಳದಿದ್ದರೂ ಆ ನಕ್ಷೆಯನ್ನು ನಮಗಾಗಿ ನಾವೇ ಬರೆದುಕೊಳ್ಳುವುದು ಒಳ್ಳೆಯದು.

ಬರೆಯುವಾಗ ಕಾರಿನ ಅಗಲದಿಂದ ಶುರುಮಾಡಿ. ಮಾರಾಟದ ಕರಪತ್ರದಲ್ಲಿ ಕಾಣುವ ಅಗಲ ಸಾಮಾನ್ಯವಾಗಿ ಪಕ್ಕದ ಕನ್ನಡಿಗಳನ್ನು ಬಿಟ್ಟು ಹೇಳಿದ್ದು. 1.75 ಮೀಟರ್ ಎಂದು ಬರೆದಿರುವ ಕಾರು ಕನ್ನಡಿ ಬಿಚ್ಚಿಕೊಂಡರೆ ಸುಮಾರು 2 ಮೀಟರಿಗೆ ಬರುತ್ತದೆ. ಗೇಟು ದಾಟುವಾಗ ಲೆಕ್ಕಕ್ಕೆ ಬರುವುದು ಈ ಎರಡನೆಯ ಅಂಕಿ. ನಿಂತ ಮೇಲೆ ಕನ್ನಡಿ ಮಡಚಬಹುದು, ಆದರೆ ಆಗ ಬಾಗಿಲಿನ ಲೆಕ್ಕ ಶುರುವಾಗುತ್ತದೆ. ಸಾಧಾರಣ ಮೈಕಟ್ಟಿನವರು ಆರಾಮವಾಗಿ ಇಳಿಯಲು 60 ಸೆಂಟಿಮೀಟರ್ ಬೇಕು. ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡಲಾಗಿ ಇಳಿಯುವವರಿಗೆ 45 ಸಾಕು. ವಯಸ್ಸಾದವರಿಗೆ, ಮಂಡಿನೋವಿನವರಿಗೆ, ಮಗುವನ್ನು ಎತ್ತಿಕೊಂಡವರಿಗೆ ಬಾಗಿಲು ಪೂರ್ತಿ ತೆರೆಯಬೇಕು, ಅಂದರೆ 90 ಸೆಂಟಿಮೀಟರಿನ ಆಸುಪಾಸು.

ಎರಡೂ ಕಡೆ ಅಷ್ಟು ಬಿಡಲು ಜಾಗ ಎಲ್ಲಿದೆ? ಬೇಡ. ಉಳಿದವರನ್ನು ಗೇಟಿನ ಹೊರಗೇ ಇಳಿಸಿ, ಪಕ್ಕದ ಸೀಟಿನ ಕಡೆಗೆ 15 ಸೆಂಟಿಮೀಟರ್ ಮಾತ್ರ ಬಿಟ್ಟು ಗೋಡೆಗೆ ಒತ್ತಿ ನಿಲ್ಲಿಸಿ. 15, 175, 60 ಕೂಡಿಸಿದರೆ ಎರಡೂವರೆ ಮೀಟರ್. ಒಬ್ಬರೇ ಇಳಿಯುವ ಕಾರಿಗೆ ಅಷ್ಟು ಅಗಲ ಸಾಕು. ಕಾರನ್ನು ಜಾಗದ ನಟ್ಟನಡುವೆ ನಿಲ್ಲಿಸುವುದು ನೋಡಲು ಚೆಂದ, ಇಕ್ಕಟ್ಟಿನಲ್ಲಿ ಅದೇ ದೊಡ್ಡ ದಂಡ: ಎರಡೂ ಕಡೆ ಮೂವತ್ತೆಂಟು ಮೂವತ್ತೆಂಟು ಸೆಂಟಿಮೀಟರ್ ಉಳಿದು ಯಾವ ಬಾಗಿಲೂ ಉಪಯೋಗಕ್ಕೆ ಬಾರದು.

ಉದ್ದದಲ್ಲಿ ಮರೆತುಹೋಗುವುದು ಡಿಕ್ಕಿ. ಮೇಲಕ್ಕೆತ್ತುವ ಹಿಂಬಾಗಿಲು ಎತ್ತುವಾಗ ಹಿಂದಕ್ಕೂ ಚಾಚುತ್ತದೆ, ಪೂರ್ತಿ ತೆರೆದಾಗ ಎಷ್ಟೋ ಕಾರುಗಳಲ್ಲಿ 2 ಮೀಟರ್ ಎತ್ತರ ಮುಟ್ಟುತ್ತದೆ. ನೆಲಮಾಳಿಗೆಯಲ್ಲಿ ತೊಲೆಯ ಕೆಳಗಡೆ, ಅದಕ್ಕಿಂತ ಹೆಚ್ಚಾಗಿ ತೊಲೆಯ ಕೆಳಗೆ ಹಾದುಹೋಗುವ ನೀರಿನ ಕೊಳವೆಯ ಕೆಳಗಡೆ ಟೇಪು ಹಿಡಿಯಿರಿ. ಎತ್ತರವನ್ನು ಚಾವಣಿಗೆ ಅಳೆದು, ಕೊಳವೆಗೆ ಡಿಕ್ಕಿ ಹೊಡೆಸಿಕೊಂಡವರನ್ನು ಕಂಡಿದ್ದೇನೆ.

ಇನ್ನು ತಿರುವು. ಕರಪತ್ರದಲ್ಲಿ ‘ತಿರುಗುವ ತ್ರಿಜ್ಯ 5 ಮೀಟರ್’ ಎಂದಿದ್ದರೆ ಕಾರು ಒಂದೇ ಸುತ್ತಿನಲ್ಲಿ ಮುಖ ತಿರುಗಿಸಲು 10 ಮೀಟರ್ ಅಗಲ ಬೇಕೆಂದರ್ಥ. ಅದೂ ಬಹುತೇಕ ಹೊರಗಿನ ಮುಂಗಾಲಿಯ ಜಾಡನ್ನು ಹಿಡಿದು ಹೇಳಿದ ಅಳತೆ. ಬಂಪರಿನ ಮೂಲೆ ಅದಕ್ಕಿಂತಲೂ ಹೊರಗೆ ಬೀಸುತ್ತದೆ. ರಸ್ತೆ ಕಿರಿದಾದಷ್ಟೂ ಗೇಟು ಅಗಲವಾಗಿರಬೇಕು, ಏಕೆಂದರೆ ಕಾರು ಗೇಟಿನೊಳಗೆ ಓರೆಯಾಗಿ ನುಗ್ಗುತ್ತದೆ. ಎಷ್ಟು ಅಗಲ ಎಂದು ಕಾಗದದ ಮೇಲೆ ಲೆಕ್ಕ ಹಾಕುವ ಬದಲು, ಪರೀಕ್ಷಾ ಸವಾರಿಯ ಕಾರನ್ನು ಮನೆಯ ತನಕ ತಂದು, ಗೇಟಿನೊಳಗೆ ಹೊಗಿಸಿ, ಇಳಿದು ತೋರಿಸಿ ಎಂದು ಮಾರಾಟಗಾರರನ್ನೇ ಕೇಳಿ. ಕೇಳಲು ಸಂಕೋಚವಾದರೆ ಡಿಕ್ಕಿಯಿಂದ ಇಳಿದ ನನ್ನನ್ನು ನೆನೆಸಿಕೊಳ್ಳಿ.

ಕಾರು ತರಿಸಲಾಗದಿದ್ದರೆ ಸೀಮೆಸುಣ್ಣದಿಂದ ನೆಲದ ಮೇಲೆ ಅದರ ಚೌಕಟ್ಟನ್ನು ನಿಜ ಅಳತೆಯಲ್ಲಿ ಬರೆಯಿರಿ. ಬಾಗಿಲಿನ ಜಾಗಕ್ಕೆ ಒಂದು ರಟ್ಟಿನ ಪೆಟ್ಟಿಗೆ ಇಡಿ. ಒಂದು ವಾರ ಆ ಗೆರೆಯೊಳಗೆ ಯಾರೂ ಕಾಲಿಡದೆ ಮನೆಯೊಳಗೆ ಹೋಗಿಬನ್ನಿ. ಬೈಕು ಹೊರಗೆ ತೆಗೆಯಲು, ಗ್ಯಾಸ್ ಸಿಲಿಂಡರ್ ಒಳಗೆ ಉರುಳಿಸಲು, ಮೀಟರ್ ಪೆಟ್ಟಿಗೆಯ ಬಾಗಿಲು ತೆರೆಯಲು ಆಗುತ್ತದೆಯೇ ಎಂಬುದು ಆ ಒಂದು ವಾರದಲ್ಲೇ ತಿಳಿದುಹೋಗುತ್ತದೆ.

ಗೇಟಿನ ಮುಂದೆ ಇಳಿಜಾರಿದ್ದರೆ ಇನ್ನೊಂದು ಮಾತು. ಇಳಿಜಾರಿನ ಮೇಲ್ತುದಿ ಸಮನೆಲವನ್ನು ಸೇರುವ ಗೆಣ್ಣಿನಲ್ಲಿ ಕಾರಿನ ಹೊಟ್ಟೆ ಉಜ್ಜುತ್ತದೆ. ಕೆಳಗಿನ ಮೂಲೆಯಲ್ಲಿ ಬಂಪರು ಉಜ್ಜುತ್ತದೆ. ಗಾಲಿಗಳ ನಡುವಿನ ಅಂತರ ಉದ್ದವಾದಷ್ಟೂ ಹೊಟ್ಟೆಗೆ ಕಷ್ಟ. ಇಳಿಜಾರನ್ನು ಒಂದೇ ಕಡಿದಾದ ಗೆರೆಯಾಗಿ ಕಟ್ಟದೆ, ಮೇಲೂ ಕೆಳಗೂ ಮಧ್ಯಮ ಓರೆಯ ತುಂಡೊಂದನ್ನು ಸೇರಿಸಿದರೆ ಸಮಸ್ಯೆ ತೀರುತ್ತದೆ. ಈಗಾಗಲೇ ಕಟ್ಟಿಬಿಟ್ಟಿದ್ದರೆ, ಅಗಲ ಇದ್ದಲ್ಲಿ ಸ್ವಲ್ಪ ಓರೆಯಾಗಿ ಇಳಿಸಿ.

ಎರಡನೆಯ ಹೆಜ್ಜೆ: ಹಿಮ್ಮುಖವಾಗಿ ಒಳಗೆ ಹೋಗುವ ಅಭ್ಯಾಸ

ಇಕ್ಕಟ್ಟಿನಲ್ಲಿ ಕಾರು ನಿಲ್ಲಿಸುವ ವಿದ್ಯೆಯಲ್ಲಿ ಒಂದನ್ನೇ ಕಲಿಯಲು ಸಾಧ್ಯ ಎಂದಾದರೆ ಇದನ್ನೇ ಕಲಿಯಿರಿ. ಕಾರಣ ಸರಳ: ತಿರುಗುವುದು ಮುಂದಿನ ಗಾಲಿಗಳು. ಮುಂದೆ ಹೋಗುವಾಗ ಹಿಂದಿನ ಗಾಲಿಗಳು ಮುಂದಿನವುಗಳ ಜಾಡಿನಲ್ಲೇ ಬರದೆ ಒಳಮೂಲೆಯನ್ನು ಕತ್ತರಿಸಿಕೊಂಡು ಬರುತ್ತವೆ, ಹಾಗಾಗಿ ಮೂತಿ ಒಳಗೆ ಹೋದರೂ ಪಕ್ಕೆ ಕಂಬಕ್ಕೆ ಉಜ್ಜುತ್ತದೆ. ಹಿಂದಕ್ಕೆ ಹೋಗುವಾಗ ತಿರುಗದ ಗಾಲಿಗಳು ಮೊದಲು ಜಾಗದೊಳಗೆ ಸೇರಿಕೊಳ್ಳುತ್ತವೆ, ಮೂತಿ ಆಮೇಲೆ ಬೀಸಿಕೊಂಡು ಬಂದು ಸಾಲಿಗೆ ನಿಲ್ಲುತ್ತದೆ. ಗೋದಾಮಿನಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್ ಗಾಡಿಗೆ ಹಿಂದಿನ ಗಾಲಿಗಳೇ ತಿರುಗುವಂತೆ ಮಾಡಿರುವುದೂ ಇದೇ ಕಾರಣಕ್ಕೆ. ಜೊತೆಗೆ ಬೆಳಿಗ್ಗೆ ಅವಸರದಲ್ಲಿ ಹೊರಡುವಾಗ ರಸ್ತೆ ಕಣ್ಣೆದುರೇ ಇರುತ್ತದೆ. ಹಿಂದೆ ಸರಿಯುತ್ತ ರಸ್ತೆಗೆ ಬರುವವರಿಗೆ ಓಡಾಡುವ ಮಕ್ಕಳು ಕಾಣುವುದಿಲ್ಲ.

ಅಕ್ಕಪಕ್ಕ ಸಾಲಾಗಿ ನಿಲ್ಲುವ ಜಾಗದಲ್ಲಿ ಎಡಗಡೆಯ ಖಾಲಿ ಚೌಕಕ್ಕೆ ಸೇರಬೇಕು ಎಂದುಕೊಳ್ಳಿ. ಸಾಲಿನಿಂದ ಒಂದು ಮೀಟರಿನಷ್ಟು ದೂರದಲ್ಲಿ ನೇರವಾಗಿ ಮುಂದೆ ಹೋಗಿ. ನಿಮ್ಮ ಚೌಕ ದಾಟಿ, ಅದರ ಮುಂದಿನದನ್ನೂ ದಾಟಿ, ಆಮೇಲಿನ ಚೌಕದ ನಡುವಿಗೆ ನಿಮ್ಮ ಭುಜ ಬಂದಾಗ ನಿಲ್ಲಿ. ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ, ನಡೆಯುವುದಕ್ಕಿಂತ ನಿಧಾನವಾಗಿ ಹಿಂದೆ ಸರಿಯಿರಿ. ಎಡಗನ್ನಡಿಯಲ್ಲಿ ಪಕ್ಕದ ಕಾರಿನ ಮೂಲೆ ನಿಮ್ಮ ಹಿಂಗಾಲಿಗೆ ಎಷ್ಟು ಹತ್ತಿರ ಎಂದು ನೋಡುತ್ತಿರಿ. ಹತ್ತಿರವಾದರೆ ನಿಂತು, ಸ್ಟೇರಿಂಗ್ ಸಡಿಲಿಸಿ, ಒಂದು ಹೆಜ್ಜೆ ಮುಂದೆ ಬಂದು ಮತ್ತೆ ಸರಿಯಿರಿ. ಕಾರು ಚೌಕದ ಗೆರೆಗಳಿಗೆ ಸಮವಾದ ಕ್ಷಣ ಸ್ಟೇರಿಂಗ್ ನೇರಮಾಡಿ. ಎಲ್ಲ ಕಾರುಗಳ ತಿರುವೂ ಒಂದೇ ಅಲ್ಲ, ಹಾಗಾಗಿ ಆ ‘ಭುಜದ ಗುರುತು’ ನಿಮ್ಮ ಕಾರಿಗೆ ಅರ್ಧ ಚೌಕ ಆಚೀಚೆ ಆಗಬಹುದು. ಖಾಲಿ ಮೈದಾನದಲ್ಲಿ ನಾಲ್ಕು ಬಕೆಟ್ಟು ಇಟ್ಟುಕೊಂಡು ಒಂದು ಭಾನುವಾರ ಬೆಳಿಗ್ಗೆ ಕಳೆದರೆ ಗುರುತು ಸಿಕ್ಕಿಬಿಡುತ್ತದೆ.

ಓಡಾಟದ ದಾರಿ ಕಿರಿದಾಗಿದ್ದರೆ ಇನ್ನೊಂದು ಉಪಾಯ. ಚೌಕದ ಮುಂದೆ ಬರುತ್ತಿದ್ದಂತೆ ಮೂತಿಯನ್ನು ಎದುರು ದಿಕ್ಕಿಗೆ, ಅಂದರೆ ಬಲಕ್ಕೆ, ಓರೆಮಾಡಿ ನಿಲ್ಲಿಸಿ. ಆಗ ಹಿಂಭಾಗ ಈಗಾಗಲೇ ಅರ್ಧ ತಿರುಗಿ ಚೌಕದ ಕಡೆ ಮುಖ ಮಾಡಿರುತ್ತದೆ, ಹಿಂದೆ ಸರಿಯುವಾಗ ತಿರುಗಬೇಕಾದ್ದು ಉಳಿದರ್ಧ ಮಾತ್ರ.

ಹೊಸಬರು ಕಾರು ತಾಗಿಸುವುದು ಹೆಚ್ಚಾಗಿ ಹಿಂದೆ ಅಲ್ಲ, ಮುಂದಿನ ಹೊರಮೂಲೆಯಲ್ಲಿ. ಕಣ್ಣು ಕ್ಯಾಮೆರಾದ ಪರದೆಗೆ ಅಂಟಿಕೊಂಡಿರುತ್ತದೆ, ಅತ್ತ ಎಡಕ್ಕೆ ಸರಿಯುವ ಕಾರಿನ ಬಲಮೂತಿ ಬಲಕ್ಕೆ ಬೀಸಿ ಎದುರಿನ ಕಂಬ ಸವರುತ್ತದೆ. ಪರದೆ, ಎಡಗನ್ನಡಿ, ಬಲಮೂತಿ ಈ ಮೂರನ್ನೂ ಸರದಿಯಂತೆ ನೋಡುವ ಚಾಳಿ ಬೆಳೆಸಿಕೊಳ್ಳಿ. ಕ್ಯಾಮೆರಾ ಅಗಲ ನೋಟದ ಮಸೂರವಾದ್ದರಿಂದ ದೂರವನ್ನು ಹಿಗ್ಗಿಸಿ ತೋರಿಸುತ್ತದೆ. ಕೂಗುವ ಸಂವೇದಕಗಳಿಗೆ ತೆಳ್ಳಗಿನ ಕಬ್ಬಿಣದ ಸರಳು, ನೆಲಮಟ್ಟದ ಕಲ್ಲು ಕಾಣದೆ ಹೋಗಬಹುದು. ಮಳೆಯಲ್ಲಿ ಮಸೂರದ ಮೇಲೆ ಒಂದು ಹನಿ ಕೂತರೆ ಮುಗಿಯಿತು. ಅನುಮಾನ ಬಂದರೆ ಇಳಿದು ನೋಡಿ. ಅದಕ್ಕಿಂತ ಒಳ್ಳೆಯ ಸಂವೇದಕವನ್ನು ಇನ್ನೂ ಯಾರೂ ಮಾಡಿಲ್ಲ.

ಮೂತಿ ಒಳಗಿಟ್ಟು ನಿಲ್ಲಿಸುವುದೇ ಸರಿ ಎನ್ನುವ ಸಂದರ್ಭಗಳೂ ಇವೆ: ಚೌಕಗಳನ್ನು ಮುಂದಕ್ಕೆ ಓರೆಯಾಗಿ ಬರೆದಿರುವಲ್ಲಿ, ಹೊಗೆಕೊಳವೆ ಯಾರದೋ ಮಲಗುವ ಕೋಣೆಯ ಕಿಟಕಿಗೆ ನೇರವಾಗುವಲ್ಲಿ, ಸಾಮಾನು ತುಂಬಲು ಡಿಕ್ಕಿ ಬೇಕೇಬೇಕಾದಲ್ಲಿ.

ದಿನವೂ ಒಂದೇ ಜಾಗದಲ್ಲಿ ನಿಲ್ಲಿಸುವವರು ಜಾಗಕ್ಕೇ ಬುದ್ಧಿ ಕಲಿಸಬಹುದು. ಒಮ್ಮೆ ಕಾರನ್ನು ಕರಾರುವಾಕ್ಕಾಗಿ, ಹೊತ್ತು ತೆಗೆದುಕೊಂಡು ನಿಲ್ಲಿಸಿ. ಹಿಂಗಾಲಿಯ ಹಿಂಬದಿಗೆ ನೆಲದಲ್ಲಿ ಒಂದು ಅಡ್ಡಕಟ್ಟೆ ಹಾಕಿಸಿ. ಗಾಲಿ ಅದಕ್ಕೆ ತಾಗಿ ನಿಂತಾಗ ಬಂಪರಿಗೂ ಗೋಡೆಗೂ ನಡುವೆ ಒಂದು ಗೇಣು ಉಳಿಯಬೇಕು. ಹಾಗೆಯೇ ಕೂತಿದ್ದು, ಚಾವಣಿಯಿಂದ ಒಂದು ಟೆನಿಸ್ ಚೆಂಡನ್ನು ದಾರದಲ್ಲಿ ಇಳಿಬಿಡಿಸಿ, ಅದು ಬಲಗನ್ನಡಿಯ ತುದಿಗೆ ಮುಟ್ಟುವಂತೆ ಕಟ್ಟಿಸಿ. ನಾಳೆಯಿಂದ ಚೆಂಡು ಕನ್ನಡಿಗೆ, ಗಾಲಿ ಕಟ್ಟೆಗೆ ತಾಗಿದರೆ ಕಾರು ನಿನ್ನೆಯ ಜಾಗದಲ್ಲೇ ನಿಂತಿದೆ. ಗೋಡೆಗೆ ಬಾಗಿಲು ತಾಗುವ ಎತ್ತರದಲ್ಲಿ ಒಂದು ಪಟ್ಟಿ ಫೋಮ್, ಕಂಬಕ್ಕೆ ಹೊಳೆಯುವ ಪಟ್ಟಿ ಅಂಟಿಸಿ. ಫೋಮನ್ನು ಸೊಂಟದೆತ್ತರಕ್ಕೆ ಕಣ್ಣಂದಾಜಿನಲ್ಲಿ ಅಂಟಿಸುವವರೇ ಹೆಚ್ಚು. ಬಾಗಿಲು ತೆರೆದು, ಅದರ ಅತಿ ಹೊರಚಾಚಿದ ಅಂಚು ಎಲ್ಲಿ ತಾಗುತ್ತದೆಂದು ನೋಡಿ ಅಂಟಿಸಿ.

ರಸ್ತೆಯ ಅಂಚಿನಲ್ಲಿ ನಿಲ್ಲಿಸುವಾಗ

ಎರಡು ಕಾರುಗಳ ನಡುವೆ ಉದ್ದುದ್ದ ಸೇರಿಸಲು ನಿಮ್ಮ ಕಾರಿನ ಉದ್ದಕ್ಕಿಂತ ಒಂದರಿಂದ ಒಂದೂವರೆ ಮೀಟರ್ ಹೆಚ್ಚು ಬೇಕು. ಅದಕ್ಕಿಂತ ಕಡಿಮೆಯಿದ್ದರೆ ಪೌರುಷ ತೋರಿಸದೆ ಮುಂದೆ ಹೋಗಿ. ಮುಂದಿನ ಕಾರಿನ ಪಕ್ಕ ಅರ್ಧ ಮೀಟರಿಗಿಂತ ತುಸು ಹೆಚ್ಚು ಅಂತರ ಬಿಟ್ಟು, ಎರಡರ ಹಿಂಬಂಪರ್‌ಗಳೂ ಒಂದೇ ಗೆರೆಗೆ ಬರುವಂತೆ ನಿಲ್ಲಿ. ಅಂಚಿನ ಕಡೆಗೆ ಪೂರ್ತಿ ತಿರುಗಿಸಿ ಹಿಂದೆ ಸರಿಯಿರಿ. ಹೊರಗಡೆಯ ಕನ್ನಡಿಯಲ್ಲಿ ಹಿಂದಿನ ಕಾರಿನ ಮುಖ ಪೂರ್ತಿಯಾಗಿ ಕಂಡಾಗ ನೀವು ಸುಮಾರು 45 ಡಿಗ್ರಿ ಓರೆಯಾಗಿದ್ದೀರಿ. ಸ್ಟೇರಿಂಗ್ ನೇರ ಮಾಡಿಕೊಂಡು ಸರಿಯುತ್ತ, ನಿಮ್ಮ ಮುಂಬಂಪರಿನ ಮೂಲೆ ಮುಂದಿನ ಕಾರಿನ ಹಿಂಮೂಲೆಯನ್ನು ದಾಟಿದ ಕೂಡಲೇ ಎದುರು ದಿಕ್ಕಿಗೆ ಪೂರ್ತಿ ತಿರುಗಿಸಿ. ಅಂಚಿನಿಂದ ಒಂದು ಗೇಣು ದೂರದಲ್ಲಿ ಸಮನಾಗಿ ನಿಂತರೆ ಚೆನ್ನ. ಹಿಂಗಾಲಿ ಮೊದಲೇ ಅಂಚಿನ ಕಲ್ಲಿಗೆ ತಾಗಿತೇ? ಅಲ್ಲೇ ಹಿಂದೆಮುಂದೆ ಜಗ್ಗಾಡಿ ಟೈರು ಸವೆಸಬೇಡಿ, ಹೊರಗೆ ಬಂದು ಮೊದಲಿನಿಂದ ಶುರುಮಾಡಿ. ಹಿಂದೆ ಕಾಯುವವರ ಹಾರನ್ನಿಗೆ ಹೆದರಿ ಅವಸರ ಮಾಡಿದವರ ಬಂಪರನ್ನು ನೋಡಿದರೆ ಗುರುತು ಸಿಗುತ್ತದೆ.

ಇಳಿಜಾರು ರಸ್ತೆಯಲ್ಲಿ ಮೂತಿ ಕೆಳಮುಖವಾಗಿದ್ದರೆ ಮುಂಗಾಲಿಗಳನ್ನು ಅಂಚಿನ ಕಡೆಗೆ ತಿರುಗಿಸಿ ಬಿಡಿ. ಮೇಲ್ಮುಖವಾಗಿದ್ದು ಅಂಚಿನ ಕಲ್ಲು ಎತ್ತರವಿದ್ದರೆ ರಸ್ತೆಯ ಕಡೆಗೆ. ಬ್ರೇಕ್ ಕೈಕೊಟ್ಟರೂ ಗಾಲಿ ಕಲ್ಲಿಗೆ ಒರಗಿ ನಿಲ್ಲುತ್ತದೆ.

ಜಾಗ ಹುಡುಕುವುದಕ್ಕೂ ಒಂದು ನಿಯಮ ಇಟ್ಟುಕೊಳ್ಳಿ. ಪಾರ್ಕಿಂಗ್ ಬಗ್ಗೆ ಜೀವಮಾನವಿಡೀ ಅಧ್ಯಯನ ಮಾಡಿದ ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್, ಲಾಸ್ ಏಂಜಲೀಸ್ ನಗರದ ವೆಸ್ಟ್‌ವುಡ್ ವಿಲೇಜ್ ಎಂಬ ಪುಟ್ಟ ಪೇಟೆಯಲ್ಲಿ ಜನ ರಸ್ತೆಬದಿಯ ಜಾಗಕ್ಕಾಗಿ ಸರಾಸರಿ 3.3 ನಿಮಿಷ ಸುತ್ತುತ್ತಾರೆಂದು ಕಂಡುಕೊಂಡರು. ಮೂರು ನಿಮಿಷ ಏನು ಮಹಾ ಅನ್ನಿಸುತ್ತದೆ. ಆದರೆ ಆ 15 ಬ್ಲಾಕುಗಳಲ್ಲಿ, ಅಂದರೆ ಅಡ್ಡರಸ್ತೆಗಳ ನಡುವಿನ 15 ತುಂಡುಗಳಲ್ಲಿ, ಅದು ವರ್ಷಕ್ಕೆ ಸುಮಾರು 15 ಲಕ್ಷ ಕಿಲೋಮೀಟರಿನ ವ್ಯರ್ಥ ಸುತ್ತಾಟವಾಗುತ್ತಿತ್ತು. ರಸ್ತೆಬದಿಯ ಜಾಗಗಳಲ್ಲಿ ಶೇಕಡಾ 85ರಷ್ಟು ತುಂಬಿ, ಪ್ರತಿ ಬ್ಲಾಕಿನಲ್ಲೂ ಒಂದೆರಡು ಖಾಲಿ ಉಳಿಯುವಂತೆ ದರ ನಿಗದಿ ಮಾಡಬೇಕೆಂಬುದು ಅವರ ಸಲಹೆ. ಸ್ಯಾನ್ ಫ್ರಾನ್ಸಿಸ್ಕೊ ನಗರ 2011ರಲ್ಲಿ ಬೇಡಿಕೆಗೆ ತಕ್ಕಂತೆ ದರ ಬದಲಿಸುವ ಪ್ರಯೋಗ ನಡೆಸಿತು. ದರ ನಿಗದಿ ನಮ್ಮ ಕೈಯಲ್ಲಿಲ್ಲ, ಸುತ್ತಾಟ ನಮ್ಮದೇ. ನನ್ನ ನಿಯಮ ಒಂದೇ ಸುತ್ತು. ಸಿಗದಿದ್ದರೆ ಗದ್ದಲದಿಂದ ಹತ್ತು ನಿಮಿಷ ನಡೆಯುವಷ್ಟು ದೂರ ಹೋಗಿ ನಿಲ್ಲಿಸಿ ನಡೆದುಬರುತ್ತೇನೆ. ಎಷ್ಟೋ ಸಲ ನಾನು ತಲುಪಿದಾಗ ನನ್ನ ಜೊತೆ ಹೊರಟವರು ಇನ್ನೂ ಸುತ್ತುತ್ತಿರುತ್ತಾರೆ.

ನಿಲ್ಲಿಸಿದ ಮೇಲೆ ಕಾರಿನ ಪಕ್ಕ ಉಳಿದ ರಸ್ತೆಯನ್ನು ಒಮ್ಮೆ ನೋಡಿ. ಅಗ್ನಿಶಾಮಕ ವಾಹನ ಎರಡೂವರೆ ಮೀಟರಿನಷ್ಟು ಅಗಲವಿರುತ್ತದೆ, ತಿರುಗಿ ನುಗ್ಗಲು ಅದಕ್ಕಿಂತ ಸಾಕಷ್ಟು ಹೆಚ್ಚು ಬೇಕು. ಮೂರೂವರೆ ಮೀಟರಿಗಿಂತ ಕಡಿಮೆ ಉಳಿದಿದ್ದರೆ ಅದು ನಿಲ್ಲಿಸುವ ಜಾಗವೇ ಅಲ್ಲ. ಪಾದಚಾರಿ ಮಾರ್ಗದ ಮೇಲೆ ಎರಡು ಗಾಲಿ ಹತ್ತಿಸುವುದು ರಸ್ತೆಗೆ ಮಾಡುವ ಉಪಕಾರ ಎಂದು ಹಲವರು ನಂಬಿದ್ದಾರೆ. ಗಾಲಿಕುರ್ಚಿಯವರನ್ನು ಅದು ರಸ್ತೆಯ ನಡುವಿಗೆ ಇಳಿಸುತ್ತದೆ.

ಒಂದೇ ಅಂಗಳ, ಹಲವು ಕಾರು

ವಸತಿ ಸಮುಚ್ಚಯದ ಜಗಳಗಳಲ್ಲಿ ಪಾರ್ಕಿಂಗಿನದು ಪಟ್ಟದರಸಿ. ಸಭೆ ಕರೆದು ಕೂಗಾಡುವ ಮೊದಲು ಒಬ್ಬರು ನಕ್ಷೆ ಬರೆಯಲಿ. ಜಾಗದ ಆಕಾರಕ್ಕೆ ಯಾವ ಜೋಡಣೆ ಹೊಂದುತ್ತದೆ ಎಂಬುದರಲ್ಲೇ ಎಷ್ಟೋ ಕಾರುಗಳ ವ್ಯತ್ಯಾಸ ಬರುತ್ತದೆ.

2.5 ಮೀಟರ್ ಅಗಲ, 5 ಮೀಟರ್ ಉದ್ದದ ಚೌಕ ಎಂದಿಟ್ಟುಕೊಂಡು 100 ಮೀಟರ್ ಉದ್ದದ ಪಟ್ಟಿಯ ಒಂದೇ ಬದಿಯನ್ನು ಲೆಕ್ಕ ಹಾಕೋಣ. ನೇರ ಲಂಬವಾಗಿ ನಿಲ್ಲಿಸಿದರೆ 40 ಕಾರು ಹಿಡಿಯುತ್ತವೆ, ಆದರೆ ಎದುರಿಗೆ 6 ಮೀಟರಿನಷ್ಟು ಓಡಾಟದ ದಾರಿ ಬೇಕು. ಒಟ್ಟು ಅಗಲ 11 ಮೀಟರ್. 45 ಡಿಗ್ರಿ ಓರೆಯಾಗಿ ನಿಲ್ಲಿಸಿದರೆ ಕಾರುಗಳು 28ಕ್ಕೆ ಇಳಿಯುತ್ತವೆ, ಆದರೆ ದಾರಿ ಮೂರೂವರೆ ಮೀಟರ್ ಸಾಕು, ಒಟ್ಟು ಅಗಲ 9 ಮೀಟರಿನೊಳಗೆ ಮುಗಿಯುತ್ತದೆ. ಓರೆ ಸಾಲಿಗೆ ಏಕಮುಖ ಸಂಚಾರ ಕಡ್ಡಾಯ, ಒಳಗೆ ಹೋಗುವ ಮತ್ತು ಹೊರಗೆ ಬರುವ ಗೇಟು ಬೇರೆಯಾದರೆ ಇನ್ನೂ ಒಳಿತು. ಉದ್ದುದ್ದ ನಿಲ್ಲಿಸುವುದಾದರೆ ಕಾರಿಗೆ 6 ಮೀಟರ್ ಬೇಕು, 16 ಕಾರಿಗೆ ಮುಗಿಯಿತು. ಅಗಲ ಮಾತ್ರ ಐದೂವರೆ ಮೀಟರ್ ಸಾಕು. 10 ಮೀಟರ್ ಅಗಲದ ಪಟ್ಟಿಯಲ್ಲಿ ಲಂಬ ಚೌಕ ಬರೆದು, ದಿನವೂ ಐದು ಸಲ ಹಿಂದೆಮುಂದೆ ಮಾಡುವ ಕಟ್ಟಡಗಳಿವೆ. ಅಲ್ಲಿ ಬೇಕಾದ್ದು ಹೊಸ ಜಾಗವಲ್ಲ, ಒಂದು ಡಬ್ಬ ಬಣ್ಣ.

ಕಂಬದ ಅಥವಾ ಗೋಡೆಯ ಪಕ್ಕದ ಚೌಕಕ್ಕೆ 30 ಸೆಂಟಿಮೀಟರ್ ಹೆಚ್ಚು ಕೊಡಿ, ಆಗದಿದ್ದರೆ ಅದನ್ನು ಸಣ್ಣ ಕಾರಿಗೆಂದೇ ಮೀಸಲಿಡಿ. ಓರೆ ಸಾಲಿನ ತುದಿಗಳಲ್ಲಿ ಉಳಿಯುವ ತ್ರಿಕೋನಗಳು ದ್ವಿಚಕ್ರ ವಾಹನಗಳಿಗೆ. ಗಾಲಿಕುರ್ಚಿ ಬಳಸುವವರ ಚೌಕ ಮೂರೂವರೆ ಮೀಟರಿಗಿಂತ ಕಿರಿದಾಗಬಾರದು, ಅದು ಲಿಫ್ಟಿನ ಹತ್ತಿರವೇ ಇರಬೇಕು. ಮೆಟ್ಟಿಲಿನ ಬಾಗಿಲು, ನೀರಿನ ಪಂಪು, ಬೆಂಕಿ ನಂದಿಸುವ ಕೊಳವೆಯ ಬಾಯಿ, ಇವುಗಳ ಮುಂದೆ ಹಳದಿ ಗೆರೆ ಎಳೆದು ಮರೆತುಬಿಡಿ.

ಹಂಚಿಕೊಳ್ಳುವ ಮಾತು ಇಲ್ಲಿಂದ ಶುರು. ಒಂದರ ಹಿಂದೆ ಒಂದು ನಿಲ್ಲುವ ಜೋಡಿ ಜಾಗವಿದ್ದರೆ ಅದನ್ನು ಒಂದೇ ಮನೆಗೆ ಕೊಡಿ. ಎರಡು ಮನೆಗಳಿಗೆ ಹಂಚಿದರೆ ಯಾರು ಎಷ್ಟು ಹೊತ್ತಿಗೆ ಹೊರಡುತ್ತಾರೆ ಎಂಬುದನ್ನು ಬರೆದಿಟ್ಟು, ಬೇಗ ಹೊರಡುವವರು ಹೊರಗೆ ಎಂಬ ನಿಯಮ ಮಾಡಿ. ಬದಲಿ ಕೀಲಿ ಕೊಟ್ಟುಕೊಳ್ಳುವಷ್ಟು ನಂಬಿಕೆಯಿದ್ದರೆ ಅದಕ್ಕಿಂತ ಸುಖ ಬೇರಿಲ್ಲ. ಕೆಲವೆಡೆ ಅಡ್ಡ ನಿಲ್ಲಿಸಿ, ಗೇರು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು ಹೋಗುತ್ತಾರೆ, ಬೇಕಾದವರು ತಳ್ಳಿಕೊಳ್ಳಲಿ ಎಂದು. ನನಗೆ ಈ ಪದ್ಧತಿ ಸೇರದು. ಕಣ್ಣಿಗೆ ಸಮವಾಗಿ ಕಾಣುವ ನೆಲವೂ ನೀರು ಹರಿಯಲೆಂದು ಸ್ವಲ್ಪ ವಾಲಿರುತ್ತದೆ. ಒಂದು ಟನ್ ತೂಕ ತಾನಾಗಿ ಹೊರಟರೆ ಹಿಡಿದು ನಿಲ್ಲಿಸುವವರು ಯಾರು? ಆಟೊಮ್ಯಾಟಿಕ್ ಗೇರಿನ, ವಿದ್ಯುತ್ ಬ್ರೇಕಿನ ಅನೇಕ ಕಾರುಗಳಲ್ಲಿ ಇದು ಆಗದ ಮಾತೂ ಹೌದು.

ಹಗಲು ಖಾಲಿ ಬೀಳುವ ಜಾಗ, ರಾತ್ರಿ ಖಾಲಿ ಬೀಳುವ ಜಾಗ ಎರಡೂ ಒಂದೇ ಬೀದಿಯಲ್ಲಿರುತ್ತವೆ. ಕಚೇರಿಯ ಅಂಗಳ ಸಂಜೆ ಏಳಕ್ಕೆ ಬರಿದಾಗುತ್ತದೆ, ಮನೆಗಳ ಅಂಗಳ ಬೆಳಿಗ್ಗೆ ಒಂಬತ್ತಕ್ಕೆ. ಇಬ್ಬರೂ ಕೂತು ಒಂದು ಹಾಳೆಯಲ್ಲಿ ಒಪ್ಪಂದ ಬರೆದುಕೊಂಡರೆ ಎರಡು ಕಡೆಯ ಕೊರತೆಯೂ ನೀಗುತ್ತದೆ. ಹಾಳೆಯಲ್ಲಿ ಇರಬೇಕಾದ್ದು: ಎಷ್ಟು ಗಂಟೆಯೊಳಗೆ ತೆರವು ಮಾಡಬೇಕು, ಮಾಡದಿದ್ದರೆ ಏನು, ಗೀರು ಬಿದ್ದರೆ ಹೊಣೆ ಯಾರದು, ರಜೆಯ ದಿನ ಹೇಗೆ. ಬಾಯಿಮಾತಿನ ಒಪ್ಪಂದ ಮೊದಲ ಗೀರಿನ ತನಕ ಮಾತ್ರ ಬಾಳುತ್ತದೆ.

ಯಂತ್ರದ ಮೊರೆ ಹೋಗುವ ಮುನ್ನ

ಅಗಲಕ್ಕೆ ಬೆಳೆಯಲಾಗದಿದ್ದರೆ ಎತ್ತರಕ್ಕೆ. ಜರ್ಮನಿಯ ವುಲ್ಫ್ಸ್‌ಬರ್ಗ್ ನಗರದಲ್ಲಿ 48 ಮೀಟರ್ ಎತ್ತರದ ಎರಡು ಗಾಜಿನ ಗೋಪುರಗಳಿವೆ, ಒಂದೊಂದರಲ್ಲೂ 400 ಕಾರುಗಳನ್ನು ಯಂತ್ರವೇ ಏರಿಸಿ ಇಳಿಸುತ್ತದೆ. ನಮ್ಮಂಥವರಿಗೆ ಸಿಗುವುದು ಅದರ ಬಡ ತಮ್ಮಂದಿರು. ಕಾರಿನ ಮೇಲೆ ಕಾರು ಎತ್ತಿಡುವ ಎರಡಂತಸ್ತಿನ ಎತ್ತುಗ ಎಲ್ಲಕ್ಕಿಂತ ಸರಳ. ಆದರೆ ಕೆಳಗಿನದು ಹೊರಬರದೆ ಮೇಲಿನದು ಇಳಿಯದು, ಹಾಗಾಗಿ ಅದೂ ಒಂದೇ ಮನೆಯವರಿಗೆ. ಮಕ್ಕಳಾಡುವ ಜಾರುಚೌಕದ ಆಟದಂತೆ ಕಾರು ಹೊತ್ತ ತಟ್ಟೆಗಳು ಪಕ್ಕಕ್ಕೂ ಮೇಲಕ್ಕೂ ಸರಿಯುವ ಬಗೆಯಲ್ಲಿ ಯಾರ ಕಾರನ್ನು ಯಾರೂ ತೆಗೆಯಬೇಕಿಲ್ಲ, ಆದರೆ ಸರಿದಾಡಲು ಒಂದು ತಟ್ಟೆಯ ಜಾಗ ಖಾಲಿ ಇರಲೇಬೇಕು: ಮೂರು ಸಾಲು, ಎರಡು ಅಂತಸ್ತು ಎಂದರೆ ಆರಲ್ಲ, ಐದು ಕಾರು. ಜಾತ್ರೆಯ ತೊಟ್ಟಿಲಿನಂತೆ ತಿರುಗುವ ಬಗೆಯೂ ಇದೆ, ಎರಡು ಕಾರಿನ ನೆಲದಲ್ಲಿ ಹತ್ತಕ್ಕೂ ಹೆಚ್ಚು ಕಾರು ಹಿಡಿಯುತ್ತದೆ.

ಯಂತ್ರ ಮಾರುವವರು ಒಂದು ಕಾರು ಎಷ್ಟು ಬೇಗ ಇಳಿಯುತ್ತದೆ ಎಂದು ತೋರಿಸುತ್ತಾರೆ. ನೀವು ಕೇಳಬೇಕಾದ್ದು ಕೊನೆಯ ಕಾರು ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು. ಒಂದಕ್ಕೆ ಮೂರು ನಿಮಿಷ ಎಂದರೆ, ಬೆಳಿಗ್ಗೆ ಒಂದೇ ಹೊತ್ತಿಗೆ ಹೊರಡುವ ಇಪ್ಪತ್ತು ಮನೆಗಳಲ್ಲಿ ಕೊನೆಯವರು ಒಂದು ಗಂಟೆ ಕಾಯಬೇಕು. ಇಷ್ಟು ಸರಳ ಗುಣಾಕಾರವನ್ನು ಮಾಡದೆ ಸಹಿ ಹಾಕಿದ ಸಮಿತಿಗಳನ್ನು ಬಲ್ಲೆ. ಆಮೇಲೆ ತೂಕ: ದೊಡ್ಡ ಬ್ಯಾಟರಿಯ ವಿದ್ಯುತ್ ಕಾರುಗಳು ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಭಾರ, ತಟ್ಟೆಯ ಮಿತಿ ಇಂದಿನ ಕಾರಿಗೆ ಸಾಕಾದರೂ ನಾಳಿನದಕ್ಕೆ ಸಾಲದಿರಬಹುದು. ಕರೆಂಟು ಹೋದಾಗ ಕೈಯಿಂದ ಇಳಿಸುವ ವ್ಯವಸ್ಥೆ ಇದೆಯೇ, ಅದನ್ನು ಬಳಸಿ ತೋರಿಸುತ್ತಾರೆಯೇ? ಮೇಲಿನ ಕಾರಿನ ಎಣ್ಣೆ, ಮಳೆನೀರು ಕೆಳಗಿನದರ ಮೇಲೆ ತೊಟ್ಟಿಕ್ಕದಂತೆ ತಟ್ಟೆಗೆ ಅಂಚಿದೆಯೇ? ಮಗುವೊಂದು ಒಳಗೆ ನುಗ್ಗಿದರೆ ಯಂತ್ರ ತಾನಾಗಿ ನಿಲ್ಲುತ್ತದೆಯೇ? ಮತ್ತು ನೆಲ: ಒಂದು ಕಾರಿನ ಭಾರಕ್ಕೆಂದು ಹಾಕಿದ ಕಾಂಕ್ರೀಟಿನ ಮೇಲೆ ಎರಡು ಮೂರು ಕಾರಿನ ಭಾರವನ್ನು ನಾಲ್ಕು ಕಾಲುಗಳಲ್ಲಿ ಇಳಿಸುವ ಮೊದಲು ಕಟ್ಟಡದ ಎಂಜಿನಿಯರ್ ಬರಹದಲ್ಲಿ ಒಪ್ಪಿಗೆ ಕೊಡಬೇಕು. ಮೊಬೈಲಿನಲ್ಲಿ ಫೋಟೊ ನೋಡಿ ‘ಪರವಾಗಿಲ್ಲ’ ಎನ್ನುವ ಒಪ್ಪಿಗೆ ಸಾಲದು.

ಇದಾವುದೂ ಹೊಂದದಿದ್ದರೆ

ಕಾರು ಮನೆಯ ಮುಂದೆಯೇ ಇರಬೇಕೆಂಬುದು ರೂಢಿ ಮಾತ್ರ. ವಾರಕ್ಕೆ ಎರಡು ಸಲ ಹೊರಡುವ ಕಾರು ಹತ್ತು ನಿಮಿಷದ ನಡಿಗೆಯಾಚೆ ಬಾಡಿಗೆಯ ಜಾಗದಲ್ಲಿ ಇರಬಹುದು. ಆ ಜಾಗವನ್ನು ಹಗಲು ಒಮ್ಮೆ, ರಾತ್ರಿ ಒಮ್ಮೆ, ಜೋರು ಮಳೆ ಬಂದ ಮರುದಿನ ಒಮ್ಮೆ ಹೋಗಿ ನೋಡಿ. ನೆಲಮಾಳಿಗೆಯ ಗೋಡೆಯಲ್ಲಿ ಹಳೆಯ ನೀರಿನ ಗೆರೆ ಕಂಡರೆ ಅದು ಗಾಲಿಯ ಯಾವ ಎತ್ತರಕ್ಕೆ ಬರುತ್ತದೆಂದು ಮೊಣಕಾಲಿಗೆ ಅಳೆದುಕೊಳ್ಳಿ. ಮಳೆಗಾಲದಲ್ಲಿ ಅತಿ ಕೆಳಗಿನ ಅಂತಸ್ತು ಬೇಡವೇ ಬೇಡ. ಬಹಳ ದಿನ ಬಿಡುವುದಾದರೆ ಗಾಲಿಗಳಿಗೆ ಸರಿಯಾದ ಗಾಳಿ ತುಂಬಿಸಿ, ಸಮನೆಲವಾದರೆ ಹ್ಯಾಂಡ್ ಬ್ರೇಕ್ ಎಳೆಯದೆ ಗೇರಿನಲ್ಲಿಟ್ಟು ಗಾಲಿಗೆ ಕಲ್ಲು ಕೊಡಿ, ಬ್ರೇಕು ಅಂಟಿಕೊಳ್ಳುವುದು ತಪ್ಪುತ್ತದೆ. ಹೊಗೆ ಹೊರಹೋಗುವ ದಾರಿಯಿಲ್ಲದ ಮುಚ್ಚಿದ ಜಾಗದಲ್ಲಿ ಎಂಜಿನ್ ಚಾಲೂ ಇಟ್ಟು ಕಾಯಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ದೊಡ್ಡ ಪಾರ್ಕಿಂಗ್ ಕಟ್ಟಡವಾದರೆ ಹೊರಡುವ ಮೊದಲು ಅಂತಸ್ತು ಮತ್ತು ಕಂಬದ ಸಂಖ್ಯೆಯ ಫೋಟೊ ತೆಗೆದುಕೊಳ್ಳಿ. ಡಿಕ್ಕಿಯಿಂದ ಇಳಿಯುವುದನ್ನು ಬಿಟ್ಟ ಮೇಲೂ, ಮೂರನೆಯ ಅಂತಸ್ತೋ ನಾಲ್ಕನೆಯದೋ ಎಂದು ಕೀಲಿಯ ಗುಂಡಿ ಒತ್ತುತ್ತ, ಎಲ್ಲೋ ಕೂಗುವ ನನ್ನ ಕಾರಿಗೆ ಕಿವಿಗೊಟ್ಟು ನಿಂತ ಸಂಜೆಗಳು ನನ್ನ ಲೆಕ್ಕದಲ್ಲಿ ಇನ್ನೂ ಇವೆ.